ಯಜಮಾನರಿಗೆ ಇಲ್ಲ ಎನ್ನುವ ಯಂತ್ರ



ದೊಡ್ಡ ಹುದ್ದೆಗೆ ಏರಿದವರಿಗೆ ಒಂದು ವಿಚಿತ್ರ ಕಷ್ಟವಿದೆ. ಸಂಬಳ ಏರಿದಂತೆಲ್ಲ ಸುತ್ತಮುತ್ತಲಿನವರು ತಲೆಯಾಡಿಸುವುದೂ ಏರುತ್ತದೆ. ಮೀಟಿಂಗಿನಲ್ಲಿ ಅವರು ಹೇಳಿದ ಜೋಕಿಗೆ ಎಲ್ಲರೂ ನಗುತ್ತಾರೆ, ಅವರು ತೋರಿಸಿದ ಲೆಕ್ಕಕ್ಕೆ ಎಲ್ಲರೂ ಹೂಂಗುಟ್ಟುತ್ತಾರೆ. ಸ್ವಂತ ಕಾರ್ಖಾನೆ ಇಟ್ಟುಕೊಂಡ ಮಾಲೀಕರ ಪಾಡಂತೂ ಕೇಳಲೇಬೇಡಿ. ಅಲ್ಲಿ ಎದುರು ಮಾತಾಡುವ ಧೈರ್ಯ ಮನೆಯವರಿಗೆ ಬಿಟ್ಟರೆ ಇನ್ಯಾರಿಗೂ ಇರುವುದಿಲ್ಲ. ಇಂಥವರನ್ನು ಮತ್ತೆ ಬೆಂಚಿನ ಮೇಲೆ ಕೂರಿಸಿ, ‘ಸ್ವಾಮಿ, ನೀವು ಹೇಳಿದ್ದು ತಪ್ಪು’ ಎಂದು ಹೇಳುವುದಕ್ಕೆಂದೇ ಒಂದು ಶಿಕ್ಷಣವಿದೆ. ಮ್ಯಾನೇಜ್‌ಮೆಂಟ್ ಶಾಲೆಗಳವರು ಅದನ್ನು ಎಕ್ಸಿಕ್ಯೂಟಿವ್ ಎಜುಕೇಶನ್ ಎನ್ನುತ್ತಾರೆ. ಕೆಲಸದಲ್ಲಿದ್ದುಕೊಂಡೇ ಓದುವವರ ಓದು ಅದು. ಫೀಸು ಲಕ್ಷಗಳಲ್ಲಿ ಇರುವುದೂ ಉಂಟು.

ಆ ಓದು ಈಗ ಆನ್‌ಲೈನ್‌ಗೂ ಬಂದಿದೆ. ಆಫೀಸು ಮುಗಿಸಿ, ಊಟ ಮುಗಿಸಿ, ಮಕ್ಕಳನ್ನು ಮಲಗಿಸಿ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂರುವವರು ನಿಮ್ಮ ಮನೆಯಲ್ಲಿಯೂ ಇರಬಹುದು. ಎರಡು ಮೂರು ವರ್ಷಗಳಿಂದ ಈ ಕೋರ್ಸುಗಳ ಒಳಗೆ ಹೊಸ ಮೇಷ್ಟರೊಬ್ಬರು ಬಂದು ಸೇರಿಕೊಂಡಿದ್ದಾರೆ. ಕೃತಕ ಬುದ್ಧಿಮತ್ತೆ, ಅಂದರೆ ಎಐ. ಈ ಮೇಷ್ಟರು ಯಜಮಾನರಿಗೆ ಏನು ಕಲಿಸಬಲ್ಲರು, ಎಲ್ಲಿ ಕೆಡಿಸಬಲ್ಲರು ಎಂಬುದು ಇವತ್ತಿನ ನನ್ನ ಮಾತು.

ಮೊದಲು ಹಳೆಯ ಕ್ಲಾಸು ಹೇಗಿತ್ತು ಎಂದು ಸ್ವಲ್ಪ ನೋಡೋಣ. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಶುರುವಾದದ್ದು 1908ರಲ್ಲಿ. 1920ರ ದಶಕದಲ್ಲಿ ಅಲ್ಲಿ ಕೇಸ್ ಪದ್ಧತಿ ಬೇರೂರಿತು. ಯಾವುದೋ ಕಂಪನಿ ನಿಜವಾಗಿ ಸಿಕ್ಕಿಕೊಂಡ ಸಂಕಟವೊಂದನ್ನು ಹತ್ತಿಪ್ಪತ್ತು ಪುಟಗಳಲ್ಲಿ ಬರೆದು ಕೊಡುತ್ತಾರೆ. ಹಿಂದಿನ ರಾತ್ರಿ ಅದನ್ನು ಓದಿ, ಲೆಕ್ಕ ಹಾಕಿ, ಒಂದು ನಿರ್ಧಾರ ಮಾಡಿಕೊಂಡು ಬರಬೇಕು. ಬೆಳಿಗ್ಗೆ ಅರ್ಧಚಂದ್ರಾಕಾರದ ಕೊಠಡಿಯಲ್ಲಿ ಎಲ್ಲರೂ ಕುಳಿತಿರುವಾಗ ಪ್ರೊಫೆಸರ್ ಯಾರ ಕಡೆಗೋ ಬೆರಳು ಮಾಡುತ್ತಾರೆ: ‘ನೀವು ಆ ಮ್ಯಾನೇಜರ್ ಆಗಿದ್ದರೆ ಏನು ಮಾಡುತ್ತಿದ್ದಿರಿ?’ ಓದಿಕೊಂಡು ಬಾರದವನ ಬಣ್ಣ ಎರಡು ನಿಮಿಷದಲ್ಲಿ ಬಯಲಾಗುತ್ತದೆ. ಓದಿಕೊಂಡು ಬಂದವನ ಕಥೆಯೂ ಅಷ್ಟೇನೂ ಸುಖದ್ದಲ್ಲ. ಪಕ್ಕದವನು ಅದೇ ಅಂಕಿಗಳನ್ನು ಇಟ್ಟುಕೊಂಡು ತದ್ವಿರುದ್ಧ ತೀರ್ಮಾನ ಹೇಳುತ್ತಾನೆ. 1961ರಲ್ಲಿ ಹಾರ್ವರ್ಡ್ ಸಹಯೋಗದಲ್ಲಿ ಐಐಎಂ ಅಹಮದಾಬಾದ್ ಆರಂಭವಾದಾಗ ಈ ಪದ್ಧತಿ ನಮ್ಮ ದೇಶದಲ್ಲೂ ಕಾಲೂರಿತು. ನಮ್ಮ ಐಐಎಂ ಬೆಂಗಳೂರು ಶುರುವಾದದ್ದು 1973ರಲ್ಲಿ.

ಈ ಪದ್ಧತಿಯಲ್ಲಿ ಕೇಸಿನ ಉತ್ತರ ಮುಖ್ಯವೇ ಅಲ್ಲ. ಎಷ್ಟೋ ಕೇಸುಗಳಿಗೆ ಒಂದೇ ಸರಿಯುತ್ತರ ಎಂಬುದೇ ಇರುವುದಿಲ್ಲ. ಅರೆಬರೆ ಮಾಹಿತಿ ಇಟ್ಟುಕೊಂಡು, ನಾಲ್ಕು ಜನರ ಎದುರು ಒಂದು ನಿಲುವು ತಳೆದು, ಅದನ್ನು ಸಮರ್ಥಿಸಿಕೊಳ್ಳುವುದು, ಸೋತರೆ ಸೋತೆ ಎಂದು ಒಪ್ಪಿಕೊಳ್ಳುವುದು, ಇದರ ಅಭ್ಯಾಸವೇ ಪಾಠ.

ಆನ್‌ಲೈನ್ ಕೋರ್ಸುಗಳು ಬಂದಾಗ ಮೊದಲು ಕಳೆದುಹೋದದ್ದೇ ಇದು. 2012ರಲ್ಲಿ ಎಂಐಟಿ ಮತ್ತು ಹಾರ್ವರ್ಡ್ ಕೂಡಿ ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ವೇದಿಕೆ ಆರಂಭಿಸಿದವು. ಅದರ ಚುಕ್ಕಾಣಿ ಹಿಡಿದ ಅನಂತ್ ಅಗರ್‌ವಾಲ್ ಮಂಗಳೂರಿನಲ್ಲಿ ಬೆಳೆದವರು, ಅಲ್ಲಿಯ ಸೇಂಟ್ ಅಲೋಶಿಯಸ್ ವಿದ್ಯಾಸಂಸ್ಥೆಯ ವಿದ್ಯಾರ್ಥಿ. ಅವರ ಮೊದಲ ಕೋರ್ಸು ಎಲೆಕ್ಟ್ರಾನಿಕ್ಸ್‌ನದ್ದು. ಅದಕ್ಕೆ ಸುಮಾರು 1,55,000 ಜನ ಹೆಸರು ನೋಂದಾಯಿಸಿದರು. ಕೊನೆಯವರೆಗೆ ಬಂದು ಪಾಸಾದವರು 7 ಸಾವಿರದಷ್ಟು. ಏಳು ಸಾವಿರ ಜನರಿಗೆ ಒಂದೇ ಬಾರಿಗೆ ಪಾಠ ಹೇಳಿದ್ದು ಸಣ್ಣ ಮಾತಲ್ಲ, ಆ ಮಾತು ಬೇರೆ. ಆದರೆ ಉಳಿದವರು ಎಲ್ಲಿ ಹೋದರು, ಏಕೆ ಹೋದರು ಎಂದು ಒಬ್ಬೊಬ್ಬರನ್ನೂ ಕೇಳುವವರು ಅಲ್ಲಿ ಇರಲಿಲ್ಲ. 2014ರಲ್ಲಿ ಐಐಎಂ ಬೆಂಗಳೂರು ಎಡ್‌ಎಕ್ಸ್ ಜೊತೆ ಸೇರಿತು. 2017ರಲ್ಲಿ ಕೇಂದ್ರ ಸರ್ಕಾರದ ಸ್ವಯಂ ಎಂಬ ಆನ್‌ಲೈನ್ ಕೋರ್ಸುಗಳ ತಾಣ ಬಂತು. ಪಾಠಗಳು ಊರೂರಿಗೆ ತಲುಪಿದವು. ಬೆರಳು ಮಾಡಿ ಪ್ರಶ್ನೆ ಕೇಳುವ ಪ್ರೊಫೆಸರ್ ಮಾತ್ರ ತಲುಪಲಿಲ್ಲ.

ಎದುರಿಗಿಲ್ಲದವರಿಗೆ ಪಾಠ ಹೇಳುವ ಕಷ್ಟ ನನಗೆ ಈ ಕ್ಷಣದಲ್ಲೇ ಗೊತ್ತಾಗುತ್ತಿದೆ. ಈ ಸ್ಟುಡಿಯೋದಲ್ಲಿ ಕುಳಿತ ನನಗೆ ನಿಮ್ಮ ಮುಖ ಕಾಣುವುದಿಲ್ಲ. ನೀವು ಆಕಳಿಸುತ್ತಿದ್ದೀರೋ, ರೇಡಿಯೋ ಬಿಟ್ಟು ಅಡುಗೆಮನೆಗೆ ಹೋದಿರೋ ನನಗೆ ತಿಳಿಯದು. 1935ರಲ್ಲಿ ಮೈಸೂರಿನಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಶುರುಮಾಡಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಮುಖ ಕಾಣದ ಕೇಳುಗರನ್ನು ಹಿಡಿದಿಡಲು ಮನಶ್ಶಾಸ್ತ್ರ ಓದಿದವರೇ ಬೇಕಾಯಿತು ಎಂದು ಕಾಣುತ್ತದೆ! ಹಾರ್ವರ್ಡ್‌ನವರು ಈ ಕಷ್ಟಕ್ಕೆ ದುಡ್ಡಿನ ದಾರಿ ಹುಡುಕಿದರು. 2015ರಲ್ಲಿ ಬಾಸ್ಟನ್‌ನ ಒಂದು ಟಿವಿ ಸ್ಟುಡಿಯೋದಲ್ಲಿ ಗೋಡೆಯುದ್ದಕ್ಕೂ ಪರದೆಗಳನ್ನು ಜೋಡಿಸಿ, ಬೇರೆ ಬೇರೆ ದೇಶಗಳಲ್ಲಿ ಕುಳಿತ 60 ವಿದ್ಯಾರ್ಥಿಗಳ ಮುಖಗಳನ್ನು ಪ್ರೊಫೆಸರ್ ಎದುರು ತಂದು ಕೂರಿಸಿದರು. ಎಲ್ಲರ ಕೈಗೆ ಎಟುಕುವ ದಾರಿ ಅದಲ್ಲ.

ಕೈಗೆಟುಕುವ ದಾರಿಯೊಂದು ಅಟ್ಲಾಂಟಾದ ಜಾರ್ಜಿಯಾ ಟೆಕ್‌ನಲ್ಲಿ 2016ರಲ್ಲಿ ಕಾಣಿಸಿಕೊಂಡಿತು. ಅಲ್ಲಿ ಅಶೋಕ್ ಗೋಯೆಲ್ ಎಂಬ ಪ್ರಾಧ್ಯಾಪಕರ ಆನ್‌ಲೈನ್ ಕ್ಲಾಸಿನಲ್ಲಿ ಸುಮಾರು 300 ವಿದ್ಯಾರ್ಥಿಗಳು. ಒಂದು ಸೆಮಿಸ್ಟರಿನಲ್ಲಿ ಅವರೆಲ್ಲ ಸೇರಿ ಬರೆಯುವ ಸಂದೇಶಗಳು 10 ಸಾವಿರದ ಹತ್ತಿರ. ಅಸೈನ್‌ಮೆಂಟ್ ಯಾವತ್ತು ಕೊಡಬೇಕು, ಯಾವ ಫೈಲಿನಲ್ಲಿ ಕೊಡಬೇಕು, ಎಷ್ಟು ಪದ ಮೀರಬಾರದು, ಇಂಥವೇ ಹೆಚ್ಚು. ಗೋಯೆಲ್ ಅವರು ಐಬಿಎಂ ಕಂಪನಿಯ ವಾಟ್ಸನ್ ತಂತ್ರಜ್ಞಾನ ಬಳಸಿ ‘ಜಿಲ್ ವಾಟ್ಸನ್’ ಎಂಬ ಯಂತ್ರ ಸಹಾಯಕಿಯನ್ನು ತಯಾರಿಸಿ ಉಳಿದ ಸಹಾಯಕರ ನಡುವೆ ಸೇರಿಸಿಬಿಟ್ಟರು. ಉತ್ತರ ಶೇ. 97ರಷ್ಟು ಖಾತ್ರಿಯಿದ್ದರೆ ಮಾತ್ರ ಆಕೆ ಬಾಯಿ ಬಿಡಬೇಕು. ಸೆಮಿಸ್ಟರಿನ ಕೊನೆಗೆ ಹೇಳುವವರೆಗೂ ಹೆಚ್ಚಿನವರಿಗೆ ಅದು ಯಂತ್ರ ಎಂದು ಗೊತ್ತೇ ಆಗಲಿಲ್ಲ. ಖಾತ್ರಿ ಇಲ್ಲದಾಗ ಸುಮ್ಮನಿರುವುದು ಎಂಬ ಆ ಒಂದು ಶಿಸ್ತನ್ನು ಇಂದಿನ ಯಂತ್ರಗಳು ಅಷ್ಟಾಗಿ ಪಾಲಿಸುವುದಿಲ್ಲ ಎಂಬುದು ನನ್ನ ದೂರು.

2022ರ ನವೆಂಬರ್ 30ರಂದು ಚಾಟ್‌ಜಿಪಿಟಿ ಬಂತು. ಮುಂದಿನ ಜನವರಿಯಲ್ಲೇ ವಾರ್ಟನ್ ಬಿಸಿನೆಸ್ ಸ್ಕೂಲಿನ ಕ್ರಿಶ್ಚಿಯನ್ ಟೆರ್ವಿಶ್ ಎಂಬ ಪ್ರೊಫೆಸರ್ ಕುತೂಹಲಕ್ಕೆ ತಮ್ಮ ಎಂಬಿಎ ಪರೀಕ್ಷೆಯ ಪ್ರಶ್ನೆಗಳನ್ನೇ ಅದಕ್ಕೆ ಕೊಟ್ಟು ನೋಡಿದರು. ವಿಷಯ ಆಪರೇಷನ್ಸ್ ಮ್ಯಾನೇಜ್‌ಮೆಂಟ್. ಬಿ ಅಥವಾ ಬಿ ಮೈನಸ್ ಕೊಡಬಹುದು ಎಂದು ಅವರು ಬರೆದರು. ವಿವರಣೆಗಳು ಸೊಗಸು, ಆದರೆ ಆರನೇ ಕ್ಲಾಸಿನ ಮಟ್ಟದ ಲೆಕ್ಕದಲ್ಲಿ ಮುಗ್ಗರಿಸಿತ್ತು. ಈಗಿನ ಯಂತ್ರಗಳು ಆ ಲೆಕ್ಕದಲ್ಲಿ ಎಡವುವುದು ಕಡಿಮೆ. ಅಂದರೆ, ಮನೆಯಲ್ಲಿ ಬರೆದು ತರುವ ಅಸೈನ್‌ಮೆಂಟ್ ಎಂಬುದರ ಕಥೆ ಮುಗಿಯಿತು ಎಂದೇ ತಿಳಿಯಬೇಕು. ರಾತ್ರಿ ಹನ್ನೊಂದಕ್ಕೆ ನಿದ್ದೆಗಣ್ಣಿನಲ್ಲಿ ಕೂತ ಜನರಲ್ ಮ್ಯಾನೇಜರ್ ಕೇಸ್ ಓದುತ್ತಾನೆಯೇ? ಕೇಸನ್ನು ಯಂತ್ರಕ್ಕೆ ಹಾಕಿ, ಬಂದ ಸಾರಾಂಶ ಓದಿ, ಅದೇ ಯಂತ್ರದಿಂದ ಉತ್ತರ ಬರೆಸಿ ಕಳಿಸುತ್ತಾನೆ. ಆ ಕಡೆ ಕೋರ್ಸು ನಡೆಸುವವರೂ ಖರ್ಚು ಉಳಿಸಲೆಂದು ಯಂತ್ರದಿಂದಲೇ ಮೌಲ್ಯಮಾಪನ ಮಾಡಿಸಿದರೆ, ಎರಡು ಯಂತ್ರಗಳು ಪರಸ್ಪರ ಪತ್ರ ಬರೆದುಕೊಂಡಂತಾಯಿತು. ನಡುವೆ ಫೀಸು ಕಟ್ಟಿದವನು ಮಲಗಿ ನಿದ್ದೆ ಮಾಡಿದ. ಸರ್ಟಿಫಿಕೇಟ್ ಮಾತ್ರ ಲಿಂಕ್ಡ್‌ಇನ್‌ಗೆ ಏರಿತು.

ಹೀಗೆ ಹೇಳಿದ ಮಾತ್ರಕ್ಕೆ ನಾನು ಯಂತ್ರದ ವೈರಿ ಎಂದುಕೊಳ್ಳಬೇಡಿ. ಒಂದು ಕೆಲಸಕ್ಕೆ ಇದರಷ್ಟು ಒಳ್ಳೆಯ ಸಾಧನ ನಾನು ಕಂಡಿಲ್ಲ. ಅದು ಮಾತುಕತೆಯ ತಾಲೀಮು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಬೆಳಗಾವಿಯ ಒಂದು ಫೌಂಡ್ರಿ ಎಂದು ಇಟ್ಟುಕೊಳ್ಳಿ. ಅಲ್ಲಿಯ ಎರಕದ ಕಾರ್ಖಾನೆಗಳು ಪಂಪು, ವಾಹನಗಳ ಬಿಡಿಭಾಗಗಳಿಗೆ ಹೆಸರಾದವು. ಅಲ್ಲಿಯ ಮಾಲೀಕರೊಬ್ಬರು ಪುಣೆ ಕಡೆಯ ದೊಡ್ಡ ಕಂಪನಿಗೆ ಮಾಲು ಕಳಿಸುತ್ತಾರೆ. ಬಿಲ್ಲಿನ ದುಡ್ಡು ಬರುವುದು 90 ದಿನಕ್ಕೆ. ಕಾನೂನು ಇವರ ಪರ ಇದೆ. 2006ರ ಸಣ್ಣ ಉದ್ದಿಮೆಗಳ ಕಾಯಿದೆಯ ಪ್ರಕಾರ ಕರಾರು ಏನೇ ಇರಲಿ, 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ಚಕ್ರಬಡ್ಡಿ. 2023-24ರ ಹಣಕಾಸು ವರ್ಷದಿಂದ ಆದಾಯ ತೆರಿಗೆಯ ಕಾನೂನೂ ಬಿಗಿಯಾಗಿದೆ. ಸಣ್ಣ ತಯಾರಕರಿಗೆ ಹೊತ್ತಿಗೆ ಸರಿಯಾಗಿ ಹಣ ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ತೋರಿಸಿ ತೆರಿಗೆ ಉಳಿಸುವಂತಿಲ್ಲ. ದೂರು ಕೊಡಲು 2017ರಲ್ಲಿ ಸಮಾಧಾನ್ ಎಂಬ ಪೋರ್ಟಲ್ ಬಂತು. ಇಷ್ಟೆಲ್ಲ ಇದ್ದೂ ನಮ್ಮ ಮಾಲೀಕರು ಬಾಯಿ ಬಿಡುವುದಿಲ್ಲ. ಮುಂದಿನ ಆರ್ಡರ್ ಯಾರ ಕೈಯಲ್ಲಿದೆ ಎಂಬುದು ಅವರಿಗೆ ಗೊತ್ತು.

ಈ ಮಾಲೀಕರು ಆನ್‌ಲೈನ್ ಕೋರ್ಸೊಂದಕ್ಕೆ ಸೇರಿದ್ದಾರೆ, ಅಲ್ಲಿ ಎಐ ಆ ಕಂಪನಿಯ ಪರ್ಚೇಸ್ ಮ್ಯಾನೇಜರ್ ಪಾತ್ರ ಹಾಕುತ್ತದೆ. ಮಾಲೀಕರು ಶುರುಮಾಡುತ್ತಾರೆ: ‘ಸಾಹೇಬ್ರ, 90 ದಿವ್ಸ ಅಂದ್ರ ನಮಗ ಭಾಳ ತ್ರಾಸ ಆಗ್ತದ್ರಿ. ಪಿಗ್ ಐರನ್ನು, ಕೋಕು ಎಲ್ಲಾ ನಗದ ಕೊಟ್ಟ ತರಬೇಕ್ರಿ.’

ಯಾವ ಸಿದ್ಧತೆಯೂ ಇಲ್ಲದ ಯಂತ್ರವಾದರೆ ಏನು ಹೇಳುತ್ತದೆ? ‘ನಿಮ್ಮ ಕಾಳಜಿ ಸಂಪೂರ್ಣ ಸಮಂಜಸವಾಗಿದೆ. ನಮ್ಮ ದೀರ್ಘಕಾಲದ ಸಂಬಂಧವನ್ನು ಗಮನದಲ್ಲಿಟ್ಟು 45 ದಿನಗಳಿಗೆ ಒಪ್ಪೋಣ.’ ಮುಗಿಯಿತು! ಭೂಮಿಯ ಮೇಲೆ ಇಂಥ ಪರ್ಚೇಸ್ ಮ್ಯಾನೇಜರನ್ನು ಯಾರಾದರೂ ಕಂಡಿದ್ದರೆ ನನಗೂ ವಿಳಾಸ ಕೊಡಿ. ನಿಜವಾದ ಮನುಷ್ಯ ಮೊದಲು ಅರ್ಧ ಗಂಟೆ ಕಾಯಿಸುತ್ತಾನೆ. ಚಹಾ ತರಿಸುತ್ತಾನೆ. ಮಾತಿನ ನಡುವೆ ಫೋನ್ ಎತ್ತಿಕೊಳ್ಳುತ್ತಾನೆ. ಕಡೆಗೆ, ‘ಅದೆಲ್ಲ ಖರೇರಿ, ಆದ್ರ ಕೊಲ್ಲಾಪುರದವ್ರು ಕೆಜಿಗೆ ಎರಡು ರೂಪಾಯಿ ಕಮ್ಮಿ ಹೇಳ್ಯಾರ ನೋಡ್ರಿ’ ಎಂದು ಮೆಲ್ಲಗೆ ಒಗೆಯುತ್ತಾನೆ. ‘ಹೋದ ಲಾಟಿನ್ಯಾಗ ಬ್ಲೋ ಹೋಲ್ ಭಾಳ ಇದ್ವು, ಅದನ್ನ ನಾ ಮ್ಯಾಲೆ ಮುಟ್ಟಸಲಿಲ್ಲ’ ಎಂದು ಉಪಕಾರವನ್ನೂ ನೆನಪಿಸುತ್ತಾನೆ. ‘ಅಕೌಂಟ್ಸ್‌ನೋರ ಕೂಡ ಮಾತಾಡಿ ಹೇಳ್ತೀನ್ರಿ’ ಎಂದು ಎದ್ದು ನಿಲ್ಲುತ್ತಾನೆ. ನಿಮ್ಮ 45 ದಿನ ಎಲ್ಲಿ ಹೋಯಿತು?

ಒಳ್ಳೆಯ ಕೋರ್ಸು ಮಾಡುವವರು ಈ ಮನುಷ್ಯನನ್ನು ಯಂತ್ರದೊಳಗೆ ಬರೆದಿಡುತ್ತಾರೆ. ಸುಲಭಕ್ಕೆ ಒಪ್ಪಬೇಡ. ಕೊಲ್ಲಾಪುರದ ದರ ಎತ್ತು. ಹಳೆಯ ಲಾಟಿನ ದೋಷ ಎತ್ತು. ಎದುರಿನವರು ಕಾನೂನಿನ ಮಾತು ತೆಗೆದರೆ ಮುಖ ಬಿಗಿದುಕೊಂಡು ಮಾತು ಕಡಿಮೆ ಮಾಡು. ದರದಲ್ಲಿ ಸ್ವಲ್ಪ ಸಡಿಲಿಸಿ ದಿನ ಕೇಳಿದರೆ ಮಾತ್ರ ಕಿವಿಗೊಡು. ಇಷ್ಟು ಹೇಳಿಕೊಟ್ಟರೆ ಯಂತ್ರ ಆ ಪಾತ್ರವನ್ನು ಸಾಕಷ್ಟು ಚೆನ್ನಾಗಿಯೇ ಹಾಕುತ್ತದೆ. ಮಾಲೀಕರು ಸೋಲುತ್ತಾರೆ. ಮತ್ತೆ ಆಡುತ್ತಾರೆ. ಈ ಬಾರಿ ಕಾನೂನನ್ನು ಮೊದಲಿಗೇ ತೆಗೆಯದೆ, ಕಂಪನಿಯ ತೆರಿಗೆ ಲೆಕ್ಕಕ್ಕೂ ಲಾಭವಿದೆ ಎಂಬ ದಾರಿಯಿಂದ ಬರುತ್ತಾರೆ. ಯಂತ್ರಕ್ಕೆ ದಣಿವಿಲ್ಲ, ಬೇಸರವಿಲ್ಲ. ಅದಕ್ಕಿಂತ ಮುಖ್ಯ, ಸೋತದ್ದನ್ನು ಅದು ಊರಿಗೆಲ್ಲ ಹೇಳುವುದಿಲ್ಲ. ಐವತ್ತು ದಾಟಿದ ಮಾಲೀಕರು ಕ್ಲಾಸಿನಲ್ಲಿ, ತಮ್ಮ ಮಗನ ವಯಸ್ಸಿನವರ ಎದುರು, ಸೋತು ಕಲಿಯುವುದು ಸುಲಭವಲ್ಲ. ಯಂತ್ರದ ಎದುರು ಸೋಲಬಹುದು.

ಇಲ್ಲಿಗೇ ನಿಲ್ಲಿಸಿದರೆ ಅರ್ಧ ಪಾಠ. ಆಡಿದ ಮಾತುಕತೆಯೆಲ್ಲ ಅಕ್ಷರರೂಪದಲ್ಲಿ ಉಳಿದಿರುತ್ತದಲ್ಲ, ಅದನ್ನು ಇಟ್ಟುಕೊಂಡು ಮೇಷ್ಟರು ಕ್ಲಾಸು ನಡೆಸಬೇಕು. ಇಪ್ಪತ್ತು ಮಾಲೀಕರು ಇಪ್ಪತ್ತು ರೀತಿ ಆಡಿರುತ್ತಾರೆ. ಸಮಾಧಾನ್ ಪೋರ್ಟಲಿಗೆ ದೂರು ಕೊಡಿ ಎಂದು ಯಂತ್ರ ಸಲಹೆ ಕೊಟ್ಟಿತೆಂದು ಒಬ್ಬರು ಹೇಳುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಇನ್ನೊಬ್ಬರು, ‘ದೂರ ಕೊಟ್ಟ ಮ್ಯಾಲ ಆ ಗಿರಾಕಿ ಉಳೀತೇನ್ರಿ?’ ಎನ್ನುತ್ತಾರೆ. ಒಟ್ಟು ಮಾರಾಟದಲ್ಲಿ ಆ ಒಬ್ಬ ಗಿರಾಕಿಯ ಪಾಲು ಎಷ್ಟು, ಬೇರೆ ಗಿರಾಕಿ ಹುಡುಕಲು ಎಷ್ಟು ತಿಂಗಳು ಬೇಕು, ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ಎಷ್ಟು, ಈಗ ಲೆಕ್ಕ ಶುರುವಾಗುತ್ತದೆ. ಯಂತ್ರ ಹೇಳಿದ್ದು ಕಾನೂನಿನ ಪ್ರಕಾರ ಸರಿ. ಹಿಂದಿನ ಸಾಲಿನವರು ಹೇಳಿದ್ದು ಬದುಕಿನ ಪ್ರಕಾರ ಸರಿ. ಎರಡರ ನಡುವೆ ಎಲ್ಲಿ ನಿಲ್ಲಬೇಕು ಎಂಬುದನ್ನು ಕಲಿಯಲೆಂದೇ ಅವರು ಫೀಸು ಕಟ್ಟಿದ್ದು.

ನಾನು ಈ ಉದಾಹರಣೆಯನ್ನು ಇಷ್ಟು ಎಳೆದದ್ದಕ್ಕೆ ಕಾರಣವಿದೆ. ಯಂತ್ರದ ಹುಟ್ಟುಗುಣ ಒಪ್ಪಿಕೊಳ್ಳುವುದು. ನಾವು ಮೆಚ್ಚಿದ ಉತ್ತರವನ್ನೇ ಒಳ್ಳೆಯ ಉತ್ತರ ಎಂದು ಎಣಿಸುವಂತೆ ಅದನ್ನು ಪಳಗಿಸಿದ್ದಾರೆ. ಮೆಚ್ಚಿಸುವುದು ಅದಕ್ಕೆ ಅಭ್ಯಾಸವಾಗಿದೆ. 2025ರ ಏಪ್ರಿಲ್‌ನಲ್ಲಿ ಚಾಟ್‌ಜಿಪಿಟಿ ತಯಾರಕರಾದ ಓಪನ್‌ಎಐ ತನ್ನ ಹೊಸ ಆವೃತ್ತಿಯೊಂದನ್ನು ಕೆಲವೇ ದಿನಗಳಲ್ಲಿ ವಾಪಸು ತೆಗೆದುಕೊಳ್ಳಬೇಕಾಯಿತು. ಯಾರು ಏನು ಹೇಳಿದರೂ ‘ಅದ್ಭುತ ಯೋಚನೆ’ ಎಂದು ಹೊಗಳತೊಡಗಿತ್ತು. ಸಾಮಾನ್ಯರಿಗೆ ಇದು ತಮಾಷೆ. ಹೊಗಳುಭಟರ ನಡುವೆಯೇ ದಿನ ಕಳೆಯುವ ಯಜಮಾನರಿಗೆ ಇದು ಅಪಾಯ. ಕಲಿಯಲು ಬಂದ ಜಾಗದಲ್ಲೂ ಇನ್ನೊಬ್ಬ ಹೊಗಳುಭಟ, ಅದೂ ನಿದ್ದೆ ಮಾಡದವನು, ಜೊತೆಗೆ ಕೂತರೆ ಅವರ ಗತಿ ಏನು?

ಅಪಾಯ ಎಷ್ಟು ನಿಜ ಎಂಬುದಕ್ಕೆ 2023ರ ಒಂದು ಪ್ರಯೋಗ ಹೇಳುತ್ತೇನೆ. ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಹೆಸರಾಂತ ಸಲಹಾ ಕಂಪನಿಯ 758 ಸಲಹೆಗಾರರ ಮೇಲೆ ಹಾರ್ವರ್ಡ್ ಮುಂತಾದ ಕಡೆಯ ಸಂಶೋಧಕರು ನಡೆಸಿದ ಪ್ರಯೋಗ. ಇವರೆಲ್ಲ ಕಂಪನಿಗಳಿಗೆ ಬುದ್ಧಿ ಹೇಳುವವರು, ದಡ್ಡರೇನಲ್ಲ. ಹೊಸ ಪಾದರಕ್ಷೆಗೆ ಯೋಚನೆ ಹುಡುಕು, ಮಾರುಕಟ್ಟೆ ವಿಂಗಡಿಸು ಎಂಬಂಥ ಕೆಲಸಗಳಲ್ಲಿ ಎಐ ಬಳಸಿದವರು ಶೇ. 12ರಷ್ಟು ಹೆಚ್ಚು ಕೆಲಸ ಮುಗಿಸಿದರು, ಶೇ. 25ರಷ್ಟು ಬೇಗ ಮುಗಿಸಿದರು. ಗುಣಮಟ್ಟವೂ ಶೇ. 40ರಷ್ಟು ಮೇಲೇರಿತು. ಬೇರೊಂದು ಗುಂಪಿಗೆ ಇನ್ನೊಂದು ಕೆಲಸ ಕೊಟ್ಟರು. ಒಂದು ಕಂಪನಿಯ ಮೂರು ಬ್ರ್ಯಾಂಡುಗಳಲ್ಲಿ ಯಾವುದಕ್ಕೆ ದುಡ್ಡು ಹಾಕಬೇಕು? ಅಂಕಿಅಂಶದ ಕೋಷ್ಟಕ ಒಂದು ಕಡೆ ತೋರಿಸುತ್ತಿತ್ತು, ಕಂಪನಿಯ ಒಳಗಿನವರ ಸಂದರ್ಶನಗಳನ್ನು ಗಮನವಿಟ್ಟು ಓದಿದರೆ ಬೇರೆ ಕಥೆ ಹೊರಡುತ್ತಿತ್ತು. ಎಐ ಇಲ್ಲದೆ ಮಾಡಿದವರಲ್ಲಿ ನೂರಕ್ಕೆ 84ರಷ್ಟು ಜನ ಸರಿಯುತ್ತರ ಕಂಡುಕೊಂಡರು. ಎಐ ಹಿಡಿದವರು ಅವರಿಗಿಂತ 19 ಅಂಕ ಹಿಂದೆ ಬಿದ್ದರು. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದ್ದು. ಯಂತ್ರವನ್ನು ಹೀಗೆ ಬಳಸಬೇಕು ಎಂಬ ಸಣ್ಣ ತರಬೇತಿ ಪಡೆದವರು, ಪಡೆಯದವರಿಗಿಂತಲೂ ಹೆಚ್ಚು ಎಡವಿದ್ದರು. ಅರ್ಧ ದಿನದ ವರ್ಕ್‌ಶಾಪು ಮಾಡಿ ‘ನಮ್ಮ ನಾಯಕರೆಲ್ಲ ಈಗ ಎಐಗೆ ತಯಾರು’ ಎಂದು ಪತ್ರಿಕಾ ಹೇಳಿಕೆ ಕೊಡುವ ಕಂಪನಿಗಳು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಟರ್ಕಿಯ ಹೈಸ್ಕೂಲೊಂದರಲ್ಲಿ ನಡೆದ ಗಣಿತದ ಪ್ರಯೋಗವೂ ಇಂಥದ್ದೇ. ಸಾವಿರದ ಹತ್ತಿರ ಮಕ್ಕಳು. ಉತ್ತರ ನೇರವಾಗಿ ಕೊಡುವ ಯಂತ್ರ ಸಿಕ್ಕವರು ಅಭ್ಯಾಸದ ಲೆಕ್ಕಗಳಲ್ಲಿ ಶೇ. 48 ಮೇಲೇರಿದರು. ಯಂತ್ರ ಕಸಿದು ಪರೀಕ್ಷೆ ಕೊಟ್ಟಾಗ, ಯಂತ್ರವನ್ನು ಮುಟ್ಟದೇ ಓದಿದವರಿಗಿಂತ ಶೇ. 17 ಕೆಳಗಿಳಿದರು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಶಿಕ್ಷಕರು ತಿದ್ದಿದ ಯಂತ್ರ ಬಳಸಿದವರಿಗೆ ಆ ನಷ್ಟ ಹೆಚ್ಚುಕಡಿಮೆ ಆಗಲಿಲ್ಲ. ಮಕ್ಕಳ ವಿಷಯದಲ್ಲಿ ನಿಜವಾದದ್ದು ಮ್ಯಾನೇಜಿಂಗ್ ಡೈರೆಕ್ಟರುಗಳ ವಿಷಯದಲ್ಲಿ ಸುಳ್ಳಾಗಲು ಕಾರಣವೇನೂ ನನಗೆ ಕಾಣುವುದಿಲ್ಲ. ಮಕ್ಕಳಿಗಾದರೂ ಯಂತ್ರ ಕಸಿದುಕೊಳ್ಳುವ ಪರೀಕ್ಷೆ ಇದೆ. ಇವರಿಗೆ ಪರೀಕ್ಷೆ ಬರುವುದು ಬೋರ್ಡ್ ಮೀಟಿಂಗಿನಲ್ಲಿ, ಬ್ಯಾಂಕ್ ಮ್ಯಾನೇಜರ್ ಎದುರು, ಕಾರ್ಖಾನೆಯ ಗೇಟಿನ ಮುಂದೆ ಕಾರ್ಮಿಕರು ಕೂತಾಗ. ಅಲ್ಲಿ ‘ಒಂದು ನಿಮಿಷ, ಚಾಟ್‌ಜಿಪಿಟಿ ಕೇಳಿ ಹೇಳುತ್ತೇನೆ’ ಎನ್ನಲಾಗದು.

ಕೋರ್ಸಿನ ಪಾಠಕ್ಕೆ ಮಾತ್ರ ಕಟ್ಟಿಹಾಕಿದ ಯಂತ್ರಗಳೂ ಇವೆ. 2023ರಲ್ಲಿ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಜೆಫ್ರಿ ಬಸ್‌ಗ್ಯಾಂಗ್ ತಮ್ಮ ಸ್ಟಾರ್ಟಪ್ ಕೋರ್ಸಿಗೆ ಅಂಥದ್ದೊಂದನ್ನು ಮಾಡಿಸಿದರು. ಅದು ಊರಮೇಲಿನ ಮಾತನ್ನೆಲ್ಲ ಹೆಕ್ಕಿ ತರದೆ, ಆ ಕೋರ್ಸಿನ ಕೇಸು, ಟಿಪ್ಪಣಿಗಳಿಂದಲೇ ಉತ್ತರ ಹೇಳಬೇಕು. ಇಂಥ ಯಂತ್ರದ ದೊಡ್ಡ ಲಾಭ ಮೇಷ್ಟರಿಗೆ. ರಾತ್ರಿ ವಿದ್ಯಾರ್ಥಿಗಳು ಎಲ್ಲಿ ಸಿಕ್ಕಿಕೊಂಡರು ಎಂದು ಬೆಳಿಗ್ಗೆ ನೋಡಬಹುದು. ಎಲ್ಲರೂ ಕೇಳಿದ್ದು ಒಂದೇ ಸಂದೇಹವಾದರೆ ಪಾಠದಲ್ಲೇ ಲೋಪವಿದೆ. ದಾಖಲೆಯಲ್ಲಿ ವಿದ್ಯಾರ್ಥಿಗಳ ಹೆಸರು ಇರಬಾರದು, ಅಷ್ಟೆ. ತಮ್ಮ ದಡ್ಡ ಪ್ರಶ್ನೆ ಕಂಪನಿಯ ಎಚ್‌ಆರ್ ವಿಭಾಗಕ್ಕೆ ಹೋಗುತ್ತದೆ ಎಂಬ ಅನುಮಾನ ಬಂದರೆ ಯಾವ ಮ್ಯಾನೇಜರೂ ನಿಜ ಕೇಳುವುದಿಲ್ಲ.

ಕಾನೂನಿನ ಕಡೆಯಿಂದ ಎರಡು ಮಾತು. 2024ರ ಫೆಬ್ರುವರಿಯಲ್ಲಿ ಕೆನಡಾದ ಒಂದು ನ್ಯಾಯಮಂಡಳಿ ಏರ್ ಕೆನಡಾ ವಿಮಾನ ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಮನೆಯವರೊಬ್ಬರನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರಿಗೆ ಕಂಪನಿಯ ಚಾಟ್‌ಬಾಟ್ ರಿಯಾಯಿತಿಯ ಬಗ್ಗೆ ತಪ್ಪು ಹೇಳಿತ್ತು. ಚಾಟ್‌ಬಾಟ್ ಹೇಳಿದ್ದಕ್ಕೆ ಅದೇ ಹೊಣೆ, ನಾವಲ್ಲ ಎಂಬರ್ಥದ ವಾದವನ್ನು ಕಂಪನಿ ಹೂಡಿತು. ಮಂಡಳಿ ಒಪ್ಪಲಿಲ್ಲ, ದುಡ್ಡು ಕೊಡಿಸಿತು. ಮೊತ್ತ ಸಣ್ಣದು, 800 ಕೆನಡಿಯನ್ ಡಾಲರ್ ಆಸುಪಾಸು. ಆದರೆ ನಾಯಕತ್ವದ ಯಾವ ಕೋರ್ಸಿಗೂ ಇದಕ್ಕಿಂತ ಒಳ್ಳೆಯ ಕೇಸು ಬೇಡ. ಯೂರೋಪಿನಲ್ಲಂತೂ 2025ರ ಫೆಬ್ರುವರಿ 2ರಿಂದ, ಎಐ ಬಳಸುವ ಸಂಸ್ಥೆ ತನ್ನ ಸಿಬ್ಬಂದಿಗೆ ಅದರ ತಿಳಿವಳಿಕೆ ಕೊಡಬೇಕೆಂಬ ನಿಯಮವೇ ಜಾರಿಗೆ ಬಂತು. ಕೋರ್ಸುಗಳ ಮಾರುಕಟ್ಟೆ ಏಕೆ ಹೀಗೆ ಉಬ್ಬಿದೆ ಎಂಬುದಕ್ಕೆ ಇದೂ ಒಂದು ಕಾರಣ. ಗುಟ್ಟಿನ ವಿಷಯವೂ ಇದೆ. 2023ರಲ್ಲಿ ಸ್ಯಾಮ್‌ಸಂಗ್‌ನ ಎಂಜಿನಿಯರುಗಳು ಕಂಪನಿಯ ರಹಸ್ಯ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಬಯಲಾಗಿ, ಕಂಪನಿ ಅಂಥ ಸಾಧನಗಳನ್ನೇ ನಿಷೇಧಿಸಿತು. ನಿಮ್ಮ ಫೌಂಡ್ರಿಯ ಕಾಸ್ಟಿಂಗ್ ದರದ ಪಟ್ಟಿಯನ್ನು ಅಸೈನ್‌ಮೆಂಟ್ ನೆಪದಲ್ಲಿ ಯಂತ್ರಕ್ಕೆ ಉಣಿಸುವ ಮುನ್ನ ಇದನ್ನು ನೆನೆಸಿಕೊಳ್ಳಿ.

ಇನ್ನು ಕನ್ನಡದ ಮಾತು. ನಮ್ಮಲ್ಲಿ ‘ಬಿಸಿನೆಸ್ ಲೀಡರ್’ ಎಂದರೆ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡದವರೇ ಎಂಬ ಭಾವನೆ ಕೂತುಬಿಟ್ಟಿದೆ. ಪೀಣ್ಯದಲ್ಲಿ ಹತ್ತು ಲೇತ್ ಯಂತ್ರ ಇಟ್ಟುಕೊಂಡು ಮೂವತ್ತು ಜನರಿಗೆ ಸಂಬಳ ಕೊಡುವವರು, ರಬಕವಿ-ಬನಹಟ್ಟಿಯಲ್ಲಿ ಮಗ್ಗ ನಡೆಸುವವರು, ಚನ್ನಪಟ್ಟಣದ ಗೊಂಬೆ ಕಾರ್ಖಾನೆಯ ಹೆಣ್ಣುಮಗಳು, ಇವರೂ ನಾಯಕರೇ. ಇವರಿಗೆ ಬೇಕಾದ ಪಾಠ ಇಂಗ್ಲಿಷಿನಲ್ಲಿದೆ, ಕೇಸುಗಳು ಅಮೆರಿಕದವು. ಕೇಂದ್ರ ಸರ್ಕಾರದ ಭಾಷಿಣಿ, ಐಐಟಿ ಮದ್ರಾಸಿನ ಎಐ4ಭಾರತ್ ಎಂಬ ಭಾರತೀಯ ಭಾಷೆಗಳ ಎಐ ಯೋಜನೆಗಳ ಕೆಲಸದಿಂದ ವಿಡಿಯೋ ಪಾಠವನ್ನು ಕನ್ನಡಕ್ಕೆ ತರುವುದು ಮೊದಲಿನಷ್ಟು ಕಷ್ಟವಿಲ್ಲ. ಆದರೆ ಯಂತ್ರ ಆಡುವ ಕನ್ನಡ ಇನ್ನೂ ಸರ್ಕಾರಿ ಸುತ್ತೋಲೆಯ ಕನ್ನಡ. ಬನಹಟ್ಟಿಯ ನೂಲಿನ ವ್ಯಾಪಾರಿಯ ಮಾತು ಅದರ ಬಾಯಲ್ಲಿ ಬರುವುದಿಲ್ಲ, ಕಿವಿಗೂ ಸರಿಯಾಗಿ ಬೀಳುವುದಿಲ್ಲ. ಅದನ್ನು ಸರಿಪಡಿಸಬೇಕಾದವರು ಕ್ಯಾಲಿಫೋರ್ನಿಯಾದವರಲ್ಲ. ನಮ್ಮ ಊರಿನ ಕೇಸುಗಳನ್ನು, ನಮ್ಮ ಊರಿನ ಮಾತುಕತೆಗಳನ್ನು ಬರೆದಿಡಬೇಕಾದವರು ಇಲ್ಲಿಯ ಮ್ಯಾನೇಜ್‌ಮೆಂಟ್ ವಿಭಾಗಗಳು. ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಎಂಬಿಎ ಇದೆ. ಪ್ರತಿ ವರ್ಷ ಪ್ರಾಜೆಕ್ಟ್ ವರದಿಗಳು ಬೈಂಡ್ ಆಗಿ ಬೀರು ಸೇರುತ್ತವೆ. ಅದರ ಬದಲು ಪಕ್ಕದ ಕೈಗಾರಿಕಾ ವಸಾಹತಿನ ಒಂದು ನಿಜ ಸಂಕಟವನ್ನು, ಮಾಲೀಕರ ಒಪ್ಪಿಗೆ ಪಡೆದು, ಕನ್ನಡದಲ್ಲಿ ಕೇಸ್ ಆಗಿ ಬರೆಸಿದರೆ ಯಂತ್ರಕ್ಕೆ ಕಲಿಸಲೂ ಏನಾದರೂ ಸಿಕ್ಕೀತು.

ಕೊನೆಗೆ, ಇಂಥ ಕೋರ್ಸಿಗೆ ಸೇರಬೇಕೆಂದಿರುವ ಕೇಳುಗರಿಗೆ. ಫೀಸು ಕಟ್ಟುವ ಮುನ್ನ ಕೋರ್ಸಿನವರಿಗೆ ಫೋನ್ ಮಾಡಿ. ನಿಮ್ಮ ಎಐ ನನಗೆ ‘ಇದು ತಪ್ಪು’ ಎಂದು ಹೇಳುವುದನ್ನು ಒಮ್ಮೆ ತೋರಿಸಿ ಎಂದು ಕೇಳಿ. ಬೇಕೆಂದೇ ಒಂದು ಕೆಟ್ಟ ಯೋಜನೆ ಬರೆದು ಕೊಟ್ಟು ನೋಡಿ, ಅದು ಹೊಗಳಿದರೆ ಫೋನ್ ಇಟ್ಟುಬಿಡಿ. ಅದರೊಂದಿಗೆ ನಾನಾಡಿದ ಮಾತನ್ನು ಯಾರು ಓದುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ಕೇಳಿ. ವಾರಕ್ಕೊಮ್ಮೆಯಾದರೂ ಮನುಷ್ಯ ಮೇಷ್ಟರ ಎದುರು, ನನ್ನಂಥ ಬೇರೆ ಉದ್ಯಮಿಗಳ ಜೊತೆ ಕೂತು ಜಗಳವಾಡಲು ಅವಕಾಶ ಇದೆಯೇ ಎಂದೂ ಕೇಳಿ. ಇಷ್ಟಕ್ಕೆ ನೇರ ಉತ್ತರ ಬಾರದಿದ್ದರೆ ದುಡ್ಡು ಕಟ್ಟಬೇಡಿ.